‘ಬಿಸಿನೆಸ್ ಫೋನ್’ ಅಂದರೆ ಯಾರ ಫೋನ್? ‘ತೆಳು’, ‘ಬರುತ್ತೆ’, ‘ನಿಲ್ಲುತ್ತೆ’ ಬಗ್ಗೆಯೂ ಸಂದೇಹ

ಎಲ್ಲರಿಗೂ ನಮಸ್ಕಾರ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವಕ್ಕೆ ಒಂದು ಪುಟ್ಟ ಸಂಚಿಕೆ ತರುತ್ತಾರೆ. ಈ ಸಲ ಮನೆಯಲ್ಲಿ ಉಳಿದಿರುವ ಹಳೇ ಸಾಮಾನಿನ ಬಗ್ಗೆ ಒಂದೊಂದು ಪುಟ ಬರೆಯಬೇಕಂತೆ. ನನ್ನ ಮೇಜಿನ ಡ್ರಾಯರಿನಲ್ಲಿ ನೋಕಿಯಾ ಇ71 ಇನ್ನೂ ಇದೆ. ಅದರ ಬಗ್ಗೆ ಬರೆದರಾಯ್ತು, ಅರ್ಧ ಗಂಟೆ ಕೆಲಸ ಅಂದುಕೊಂಡೆ. ‘ದಿನಬಳಕೆಗೂ ಒದಗಿದ ತೆಳುವಾದ ಬಿಸಿನೆಸ್ ಫೋನ್’ ಅಂತ ಮೊದಲ ಸಾಲು ಬರೆದೆ. ಹೆಂಡತಿ ಓದಿ ಕೇಳಿದ್ದು ಒಂದೇ ಮಾತು: ‘ರೀ, ನೀವು ಯಾವಾಗ ಬಿಸಿನೆಸ್ ಮಾಡಿದ್ರಿ?’

ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಮಾತಿನಲ್ಲಿ ‘ಅವನು ಬಿಸಿನೆಸ್ ಮಾಡ್ತಾನೆ’ ಅಂದರೆ ಸ್ವಂತದ್ದೇನೋ ಇಟ್ಟಿದ್ದಾನೆ, ಅಂಗಡಿಯೋ ಏಜೆನ್ಸಿಯೋ ಅಂತ ಅರ್ಥ. ಸಂಬಳಕ್ಕೆ ದುಡಿಯುವ ನನ್ನಂಥವನು ಬಿಸಿನೆಸ್‌ನಲ್ಲಿಲ್ಲ, ‘ಕೆಲಸದಲ್ಲಿ’ ಇದ್ದಾನೆ. ಹುಡುಗಿ ನೋಡಲು ಹೋದ ಮನೆಯಲ್ಲಿ ‘ಹುಡುಗ ಕೆಲಸದಲ್ಲಿದ್ದಾನಾ, ಬಿಸಿನೆಸ್ಸಾ?’ ಅಂತಲೇ ಕೇಳುತ್ತಾರಲ್ಲ. ಹಾಗೆ ನೋಡಿದರೆ ಆ ಕಾಲದ ನಿಜವಾದ ಬಿಸಿನೆಸ್ ಫೋನ್ 2003ರಲ್ಲಿ ಬಂದ ನೋಕಿಯಾ 1100. ತರಕಾರಿ ಮಂಡಿಯಿಂದ ಹಾಲಿನ ಡೈರಿವರೆಗೆ ಎಲ್ಲರ ಕೈಯಲ್ಲೂ ಅದೇ, ಟಾರ್ಚು ಸಮೇತ.

ಇ71 ನೋಡಿಲ್ಲದವರಿಗೆ ಎರಡು ಮಾತು. ಬಂದದ್ದು 2008ರಲ್ಲಿ. ಸ್ಟೀಲಿನ ಮೈ, 127 ಗ್ರಾಂ ತೂಕ. ಮೇಲೆ 2.36 ಇಂಚಿನ ಪರದೆ, ಕೆಳಗೆ ಕಂಪ್ಯೂಟರಿನಲ್ಲಿರುವಂತೆ ಒಂದೊಂದು ಅಕ್ಷರಕ್ಕೂ ಒಂದೊಂದು ಗುಂಡಿ. ಹಾಡು, ಫೋಟೊ ಹುಚ್ಚಿನವರಿಗೆ ನೋಕಿಯಾ ಎನ್ ಸರಣಿ ಮಾಡಿತ್ತು. ಕಂಪನಿಗಳಲ್ಲಿ ಇಮೇಲು, ಮೀಟಿಂಗು ಅಂತ ಒದ್ದಾಡುವವರಿಗೆ ಅಂತ 2005ರಲ್ಲಿ ಇ ಸರಣಿ ಶುರುಮಾಡಿತು. ಈಗ ಇದನ್ನು ಕನ್ನಡದಲ್ಲಿ ಏನೆಂದು ಕರೆಯೋದು? ‘ವ್ಯಾಪಾರದ ಫೋನ್’ ಅಂದರೆ ಗಲ್ಲಾಪೆಟ್ಟಿಗೆ ಪಕ್ಕ ಇಡೋ ಫೋನ್. ‘ವ್ಯವಹಾರದ ಫೋನ್’ ಅಂದರೆ ಏನೋ ಗುಟ್ಟಿನ ವ್ಯವಹಾರ ನಡೀತಿದೆ ಅನ್ನೋ ವಾಸನೆ. ‘ಆಫೀಸ್ ಫೋನ್’ ಅಂದರೆ ಆಫೀಸಿನವರು ಕೊಟ್ಟಿದ್ದು, ಕೆಲಸ ಬಿಡುವಾಗ ವಾಪಸ್ ಕೊಡಬೇಕಾದ್ದು. ಇದು ನನ್ನ ಸ್ವಂತ ದುಡ್ಡಿನದು. ‘ಕೆಲಸದ ಫೋನ್’ ನನಗೆ ಇಷ್ಟವಾಯಿತು. ಆದರೆ ‘ಕೆಲಸದವರು’ ಅಂದಾಗ ಪಾತ್ರೆ ತೊಳೆಯಲು ಬರುವವರೇ ಕಣ್ಣಿಗೆ ಕಟ್ಟುತ್ತಾರಲ್ಲ, ಅದೊಂದು ಅಡ್ಡ ಬರುತ್ತೆ.

ಈ ಫೋನಿನಲ್ಲೇ ಒಂದು ಸೊಗಸಾದ ಏರ್ಪಾಡಿತ್ತು. ಮುಖ್ಯ ಪರದೆ ಎರಡು ಬಗೆ, ಬಿಸಿನೆಸ್ ಮತ್ತು ಪರ್ಸನಲ್. ಸಂಜೆ ಬಸ್ಸು ಹತ್ತಿದ ಮೇಲೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರೆ ಆಫೀಸಿನ ಇಮೇಲು ಕಣ್ಣೆದುರು ಬಾರದಂತೆ ಇಟ್ಟುಕೊಳ್ಳಬಹುದಿತ್ತು. ಇದನ್ನು ನಾನು ಮೊದಲು ‘ವ್ಯವಹಾರ’ ಮತ್ತು ‘ವೈಯಕ್ತಿಕ’ ಅಂತ ಬರೆದೆ. ‘ವೈಯಕ್ತಿಕ’ ಅಂದರೆ ನನಗಂತೂ ರಜಾ ಅರ್ಜಿಯೇ ನೆನಪಾಗೋದು. ‘ಸುಮ್ನೆ ಆಫೀಸು, ಮನೆ ಅಂತ ಹಾಕಿ’ ಅಂದಳು ಇವಳು. ಹಾಕಿದೆ. ಎರಡೇ ಪದ, ಗೊಂದಲವೇ ಇಲ್ಲ. ಪರದೆಯ ಹೆಸರಿಗೆ ಇದು ನಡೆಯಿತು, ಫೋನಿನ ಹೆಸರಿಗೆ ಮಾತ್ರ ಇನ್ನೂ ಸಿಕ್ಕಿಲ್ಲ.

ಇನ್ನು ‘ತೆಳು’. ಇದರಲ್ಲಿ ನನಗೆ ಸಂದೇಹವಿರಲಿಲ್ಲ. ಆದರೆ ಸಂಚಿಕೆಯ ಕೆಲಸ ನೋಡುವವರು ದಕ್ಷಿಣ ಕನ್ನಡದವರು. ಅವರು ‘ಸಪೂರವಾದ ಫೋನ್’ ಅಂತ ತಿದ್ದಿ ಕಳಿಸಿದರು. ನನ್ನ ಕಿವಿಗೆ ಅದು ಒಗ್ಗಲಿಲ್ಲ. ನಾನು ಕೇಳಿದ ಮಟ್ಟಿಗೆ ಸಪೂರ ಅನ್ನೋದು ಉದ್ದಕ್ಕೆ, ದುಂಡಗೆ ಇರುವುದಕ್ಕೆ. ಸಪೂರ ಹುಡುಗ, ಸಪೂರ ಹಗ್ಗ, ಸಪೂರ ಕೋಲು. ತೆಳು ಅನ್ನೋದು ಹಾಳೆಯಂತೆ ಹರಡಿಕೊಂಡಿರುವುದಕ್ಕೆ. ತೆಳು ಬಟ್ಟೆ, ತೆಳು ತಗಡು, ತೆಳ್ಳನೆ ದೋಸೆ. ಹವ್ಯಕರ ತೆಳ್ಳನೆ ದೋಸೆ ‘ತೆಳ್ಳೇವು’, ಹೆಸರಲ್ಲೇ ಇದೆಯಲ್ಲ. ಮಜ್ಜಿಗೆಗೂ ಸಾರಿಗೂ ತೆಳು ಹೋಗುತ್ತೆ, ಸಪೂರ ಹೋಗಲ್ಲ. ಮೈಸೂರು ಕಡೆ ಜನರಿಗೆ ‘ಸಣ್ಣ ಆಗಿದ್ದೀಯಲ್ಲೋ’ ಅಂತೀವಿ, ಫೋನಿಗೆ ಹಾಗಂದರೆ ಅದು ಚಿಕ್ಕದು ಅಂತ ಆಗಿಬಿಡುತ್ತೆ. ಇ71 ಚಿಕ್ಕದಲ್ಲ. ಉದ್ದ 114 ಮಿಲಿಮೀಟರ್, ಅಗಲ 57, ದಪ್ಪ 10. ತೆಳ್ಳಗಿರುವುದನ್ನು ಹೇಳಲು ‘ದಪ್ಪ ಇಷ್ಟು’ ಅಂತ ಬರೆಯಬೇಕಾಗುತ್ತೆ, ಬೇರೆ ದಾರಿಯಿಲ್ಲ. ಅದೇ ವರ್ಷ ಬಂದ ಐಫೋನ್ 3ಜಿ 12.3 ಮಿಲಿಮೀಟರ್ ಇತ್ತು, ಹಾಗಾಗಿ ಆಗ 10 ಅಂದರೆ ತೆಳುವೇ. ಶರ್ಟಿನ ಜೇಬಿನಲ್ಲಿ ಇಟ್ಟರೆ ಜೋತು ಬೀಳುತ್ತಿರಲಿಲ್ಲ. ಈಗಿನ ಹುಡುಗರ ಕೈಗೆ ಕೊಟ್ಟರೆ ‘ಎಷ್ಟು ದಪ್ಪ ಇದೆ ಅಂಕಲ್’ ಅಂತಾರೆ.

ನಿಜವಾದ ಪೇಚಾಟ ಆಗಿದ್ದು ಬ್ಯಾಟರಿಯಲ್ಲಿ. ‘ಒಂದು ಸಲ ಹಾಕಿದರೆ ಎರಡು ದಿನ ಚಾರ್ಜ್ ನಿಲ್ಲುತ್ತಿತ್ತು’ ಅಂತ ಬರೆದಿದ್ದೆ. ಮೂರನೇ ಮಹಡಿಯ ಹಿರಿಯರು ಓದಿ, ‘ಪಾಪ, ಎರಡು ದಿನ ಚಾರ್ಜೇ ಆಗ್ತಿರಲಿಲ್ವಾ?’ ಅಂದರು. ನಗು ಬಂತು, ಆಮೇಲೆ ಯೋಚನೆಯೂ ಬಂತು. ‘ನಿಲ್ಲು’ ಅಂದರೆ ಉಳಿಯುವುದೂ ಹೌದು, ನಿಂತುಹೋಗುವುದೂ ಹೌದು. ‘ಚಾರ್ಜ್ ನಿಲ್ಲಲ್ಲ’ ಅಂದರೆ ಬೇಗ ಖಾಲಿಯಾಗುತ್ತೆ ಅಂತ ಯಾರಿಗೂ ಗೊತ್ತು. ‘ಚಾರ್ಜ್ ನಿಂತಿತು’ ಅಂದರೆ ಕರೆಂಟು ಹೋಯಿತೇನೋ ಅನ್ನಿಸುತ್ತೆ. ಇಲ್ಲ ಅಂದಾಗ ಒಂದರ್ಥ, ಹೌದು ಅಂದಾಗ ಇನ್ನೊಂದು!

ಆಮೇಲೆ ‘ಬ್ಯಾಟರಿ ಬಾಳಿಕೆ ಎರಡು ದಿನ’ ಅಂತ ತಿದ್ದಿದೆ. ಅದು ಇನ್ನೂ ಕೆಟ್ಟಿತು. ಎರಡೇ ದಿನ ಬಾಳುವ ಬ್ಯಾಟರಿಯನ್ನು ಯಾರು ಕೊಳ್ಳುತ್ತಾರೆ? ಚಪ್ಪಲಿ ಬಾಳಿಕೆ ಬರುತ್ತೆ, ಮಿಕ್ಸಿ ಬಾಳಿಕೆ ಬರುತ್ತೆ. ಅದು ವಸ್ತುವಿನ ಆಯುಸ್ಸು. ಒಂದು ಸಲ ತುಂಬಿದ್ದು ಎಷ್ಟು ದಿನಕ್ಕೆ ಸಾಕು ಅನ್ನೋದಕ್ಕೆ ಅಡುಗೆಮನೆಯಲ್ಲಿ ಬೇರೆಯೇ ಮಾತಿದೆ. ‘ಐದು ಕೆಜಿ ಬೇಳೆ ಎರಡು ತಿಂಗಳು ಬರುತ್ತೆ’, ‘ಈ ಸಲ ಸಿಲಿಂಡರ್ ನಲವತ್ತು ದಿನ ಬಂತು’. ಹಾಗೆಯೇ ‘ಚಾರ್ಜ್ ಎರಡು ದಿನ ಬರುತ್ತಿತ್ತು’. ಚಾರ್ಜ್ ಬರುತ್ತೆ, ಬ್ಯಾಟರಿ ಬಾಳುತ್ತೆ. ಜಾಹೀರಾತು, ಪತ್ರಿಕೆಗಳಲ್ಲಿ ಎರಡಕ್ಕೂ ‘ಬ್ಯಾಟರಿ ಬಾಳಿಕೆ’ ಅಂತಲೇ ಹಾಕೋದು ನೋಡುತ್ತೀನಿ. ಸಿಲಿಂಡರಿನ ಬಾಳಿಕೆ ನಲವತ್ತು ದಿನ ಅಂತ ಯಾರಾದರೂ ಹೇಳುತ್ತಾರಾ? ನನ್ನ ಇ71ರ 1500 ಎಂಎಎಚ್ ಬ್ಯಾಟರಿ ನಾಲ್ಕು ವರ್ಷ ಬಾಳಿತು. ಈ ಸಾಲನ್ನು ಮಾತ್ರ ಯಾರೂ ತಿದ್ದಲಿಲ್ಲ.

‘ದಿನಬಳಕೆ’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ದಿನನಿತ್ಯ’ ಬೇಡ, ಒಂದನ್ನೇ ಎರಡು ಸಲ ಹೇಳಿದ ಹಾಗೆ. ‘ದಿನಬಳಕೆಯ ವಸ್ತು’ ಅಂದರೆ ಸೋಪು, ಪೇಸ್ಟು ಅನ್ನಿಸುತ್ತೆ, ‘ದಿನಬಳಕೆಗೆ’ ಅಂದರೆ ಸರಿಹೋಗುತ್ತೆ. ಇ71ರಲ್ಲಿ ಇಯರ್‌ಫೋನಿನ ತೂತು 2.5 ಮಿಲಿಮೀಟರಿನದು, ಎಲ್ಲ ಕಡೆ ಸಿಗುವ 3.5ರದ್ದು ಅದಕ್ಕೆ ನೇರ ಹೋಗಲ್ಲ. ಅದರ ತಮ್ಮನಂತಿದ್ದ ಪ್ಲಾಸ್ಟಿಕ್ಕಿನ ಇ63ಗೆ 13 ಮಿಲಿಮೀಟರ್ ದಪ್ಪ, ಆದರೆ ತೂತು 3.5ರದ್ದು. ದಿನಬಳಕೆಗೆ ಅದೇ ವಾಸಿ ಅನ್ನುವವರೂ ಇದ್ದರು. ನಾನು ಹಾಡು ಕೇಳುವವನಲ್ಲ, ಹಾಗಾಗಿ ತೆಳ್ಳಗಿನದೇ ನನಗೆ ಹಿಡಿಸಿತು. ಜೇಬಿಗೂ ಹಿಡಿಸಿತು. ‘ಹಿಡಿಸು’ ಅನ್ನೋ ಪದ ಎರಡೂ ಕಡೆ ದುಡಿಯುತ್ತೆ ಅನ್ನೋದು ಬರೆಯುವಾಗಲೇ ಹೊಳೆದದ್ದು.

ಈಗ ನನ್ನ ಪ್ರಶ್ನೆಗಳು. ಕರಾವಳಿಯವರೇ, ಚಪ್ಪಟೆ ವಸ್ತುವಿಗೆ ನೀವು ನಿಜವಾಗಿ ಸಪೂರ ಅನ್ನುತ್ತೀರಾ, ಅಥವಾ ನಮ್ಮ ಸಂಪಾದಕರದ್ದು ಅವರ ಮನೆಯ ರೂಢಿಯೋ? ಧಾರವಾಡ, ಕಲಬುರಗಿ ಕಡೆಯವರು ಚಾರ್ಜ್ ‘ಬರುತ್ತೆ’ ಅನ್ನುವ ಜಾಗದಲ್ಲಿ ಏನು ಬಳಸುತ್ತೀರಿ? ‘ಚಾರ್ಜ್ ಹಿಡಿಯಲ್ಲ’ ಅನ್ನೋದನ್ನೂ ಕೇಳಿದ್ದೀನಿ, ಅದು ಯಾವ ಕಡೆಯದು? ಮತ್ತೆ ಆ ಮೊದಲ ಸಾಲು. ಸದ್ಯಕ್ಕೆ ‘ಆಫೀಸಿನ ಕೆಲಸಕ್ಕೆ ಅಂತ ಮಾಡಿದ ತೆಳ್ಳನೆ ಫೋನು’ ಅಂತ ಇಟ್ಟಿದ್ದೀನಿ. ಉದ್ದವಾಯಿತು ಅಂತ ಸಂಪಾದಕರ ತಕರಾರು. ಇದಕ್ಕಿಂತ ಚಿಕ್ಕದು, ಹೆಂಡತಿ ನಗದಂಥದ್ದು ಇದ್ದರೆ ಭಾನುವಾರದೊಳಗೆ ತಿಳಿಸಿ. ಸೋಮವಾರ ಅಚ್ಚಿಗೆ ಹೋಗುತ್ತೆ.