ತೋಟದಲ್ಲಿ ಹೂತ ಪೈಪು, ಕೇಬಲ್ ಹುಡುಕೋ ಮಿಷನ್ ತಂದವರು ಅನುಭವ ಹೇಳಿ

ಪೊನ್ನಂಪೇಟೆ ತೋಟ (ಪ್ರಶ್ನೆ):
ಅಪ್ಪ 1998ರಲ್ಲಿ ಕೆರೆಯಿಂದ ಮೇಲಿನ ತೋಟಕ್ಕೆ ಮೂರಿಂಚು ಪೈಪ್ ಹೂಳಿಸಿದ್ದರು. ಕೆರೆಯ ಕಡೆ ಜಿಐ (ಕಬ್ಬಿಣದ್ದು), ಮೇಲಿನ ತೋಟದ ಕಡೆ ಪಿವಿಸಿ, ಪಕ್ಕದಲ್ಲೇ ಮೋಟರ್ ಕೇಬಲ್. ನಕ್ಷೆ ಇಲ್ಲ, ಗೊತ್ತಿದ್ದ ತೋಟದ ರೈಟರ್ (ಮೇಸ್ತ್ರಿ-ಗುಮಾಸ್ತ) ತೀರಿಕೊಂಡರು. ಜನವರಿಯಲ್ಲಿ ಜೆಸಿಬಿ ತರಿಸಿ ದಾರಿ ಮಾಡಿಸಬೇಕು, ಫೆಬ್ರವರಿ ಕೊನೆಗೆ ಕಾಫಿ ಹೂವಿಗೆ ನೀರು ಕೊಡಬೇಕು. ಲೊಕೇಟರ್ ಬಾಡಿಗೆಗೆ ತಂದವರು ಇದ್ದರೆ ಹೇಳಿ.

ಸಿದ್ದಾಪುರ ರೊಬಸ್ಟಾ:
ತರಬೇಡಿ. ಹೋದ ವರ್ಷ ನಾನು ಮೈಸೂರಿಂದ ತರಿಸಿದೆ. ದಿನಕ್ಕೆ 9,000, ಎರಡು ದಿನ. ಬಂದ ಹುಡುಗರಿಬ್ಬರ ಓಡಾಟ, ಊಟ 4,600. ಪಂಪ್‌ಹೌಸಿನ ಜಿಐ ಪೈಪಿಗೆ ಸಿಗ್ನಲ್ ಬಿಡುವ ಪೆಟ್ಟಿಗೆಯ ಕ್ಲಿಪ್ ಹಾಕಿ, ರಿಸೀವರ್ ಹಿಡಿದು ಹೊರಟರೆ ಮೊದಲ 70 ಮೀಟರ್ ದಾರ ಹಿಡಿದ ಹಾಗೆ ಹೋಯಿತು. ಸುಣ್ಣ ಹಾಕುತ್ತಾ ನಾನೇ ಹಿಂದೆ ನಡೆದೆ. ಒಂದು ಸಿಲ್ವರ್ ಓಕ್ ಬುಡಕ್ಕೆ ಬಂದ ಕೂಡಲೇ ಸದ್ದು ನಿಂತಿತು. ಅಲ್ಲಿಂದ ಪಿವಿಸಿ. ಪ್ಲಾಸ್ಟಿಕ್ಕಿನಲ್ಲಿ ಸಿಗ್ನಲ್ ಹರಿಯಲ್ಲ, ಅದನ್ನು ಬಾಡಿಗೆ ಕೊಟ್ಟವರು ಮೊದಲೇ ಹೇಳಬೇಕಿತ್ತೋ ಇಲ್ಲವೋ? ಉಳಿದ 200 ಮೀಟರ್ ಆರು ಆಳು, ನಾಲ್ಕು ದಿನ, ಗುದ್ದಲಿಯಲ್ಲಿ. ಅಜ್ಜ ನೆಟ್ಟ 11 ಗಿಡದ ಬೇರು ಕಡಿದು ಹೋಯಿತು. ಲೆಕ್ಕದ ಪುಸ್ತಕದಲ್ಲಿ ಆ ಪುಟ ಕಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಸುಂಟಿಕೊಪ್ಪ ವೈರಿಂಗ್:
ಮಿಷನ್ ಮೇಲೆ ತಪ್ಪು ಹಾಕಬೇಡಿ ಸರ್. ನಾನು ಸ್ವಂತದ್ದೇ ತಗೊಂಡಿದ್ದೀನಿ, ಹಳೇದು, 1,85,000ಕ್ಕೆ, ಹೆಂಡತಿಯ ಬಳೆ ಅಡವಿಟ್ಟು. ಒಂದು ತೋಟದಲ್ಲಿ 400 ಮೀಟರ್ ಮೋಟರ್ ಕೇಬಲ್ ಹುಡುಕಬೇಕಿತ್ತು. 33 ಕಿಲೋಹರ್ಟ್ಸ್ ಬಿಟ್ಟರೆ ಸಿಗ್ನಲ್ ಪಕ್ಕದ ಜಿಐ ಪೈಪಿಗೆ ಹಾರಿತು. ಲೈನಿನ ಮೇಲೆ ಸದ್ದು ಜೋರಾಗುವ ಪೀಕ್ ಮೋಡ್‌ನಲ್ಲಿ ಒಂದು ಜಾಗ, ಸದ್ದು ಅಡಗುವ ನಲ್ ಮೋಡ್‌ನಲ್ಲಿ ಒಂದಡಿ ಆಚೆ. ಹಾಗೆ ಬೇರೆ ಬೇರೆ ತೋರಿಸಿದರೆ ಎರಡು ಲೈನಿನ ಸಿಗ್ನಲ್ ಬೆರೆತಿದೆ ಅಂತ. ಕಡಿಮೆ ಹರ್ಟ್ಸ್ ಪಕ್ಕದ ಲೈನಿಗೆ ಅಷ್ಟು ಹಾರಲ್ಲ ಅಂತ 512 ಹರ್ಟ್ಸ್‌ಗೆ ಇಳಿಸಿದೆ. ಮಾರ್ಚ್ ತಿಂಗಳು, ಮಣ್ಣು ಒಣಗಿ ಇಟ್ಟಿಗೆ. ಅರ್ತ್ ಸರಳಿಗೆ ಎರಡು ಕೊಡ ನೀರು ಹೊಯ್ದ ಮೇಲೆ ಸದ್ದು ತೆರೆಯಿತು. ಎರಡೂವರೆ ಅಡಿ ಅಂತ ತೋರಿಸಿದ ಕಡೆ ಅಗೆದರೆ ಕೇಬಲ್ ಅಲ್ಲೇ. ಕಲಿಯದೆ ಹಿಡಿದರೆ ಯಾವ ಮಿಷನ್ನೂ ಹೇಳಲ್ಲ.

ನಾಪೋಕ್ಲು:
ಇಷ್ಟೆಲ್ಲ ಯಾಕೆ? ನಮ್ಮ ಕಡೆ ನೀರು ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದರು, ಕಾಯಿ ಎದ್ದು ನಿಂತ ಕಡೆ ಪೈಪ್ ಸಿಕ್ಕಿತು. ಪಿವಿಸಿಯೇ. 500 ರೂಪಾಯಿ, ಒಂದು ಊಟ.

ಸುಂಟಿಕೊಪ್ಪ ವೈರಿಂಗ್:
ಗೇಟ್ ವಾಲ್ವ್ ಎಲ್ಲಿದೆ ಅಂತ ಅವರಿಗೆ ಮೊದಲೇ ಕಾಣಿಸುತ್ತಿತ್ತಲ್ಲ? ಅದೇ ಕಾಯಿ ನಂಬಿ ನನ್ನ ಭಾವ ನಾಲ್ಕಡಿ ಆಳದ ಮೂರು ಗುಂಡಿ ತೋಡಿಸಿದ, ಏನೂ ಸಿಗಲಿಲ್ಲ. ಕೇಬಲ್ ಇರುವ ಜಾಗದಲ್ಲಿ ಇದನ್ನೆಲ್ಲ ಹೇಳಬೇಡಿ, ಜೀವದ ಪ್ರಶ್ನೆ.

ನಾಪೋಕ್ಲು:
ನಮ್ಮ ಹಿರಿಯರು ತೋಡಿಸಿದ ಬಾವಿಗಳಲ್ಲಿ ಇವತ್ತೂ ನೀರಿದೆ. ನಿಮ್ಮ ಹತ್ತಿರ ಮಿಷನ್ ಇದೆ ಅಂತ ಉಳಿದವರೆಲ್ಲ ದಡ್ಡರಾ?

ಮಡಿಕೇರಿ ಹೋಂಸ್ಟೇ:
ಪಿವಿಸಿ ಆದರೆ ನೆಲದೊಳಗೆ ನೋಡುವ ರೇಡಾರ್ ತರಿಸಿ ಅನ್ನುವವರ ಮಾತು ಕೇಳಿ ನಾನು ಸೋತೆ. ಜುಲೈಯಲ್ಲಿ ಒಳಚರಂಡಿ ಪೈಪ್ ಒಡೆದಿತ್ತು, ಎರಡು ರೂಮು ಮುಚ್ಚಿದ್ದೆ, ಕಾಯಲು ಆಗಲಿಲ್ಲ. 28,000 ಕೊಟ್ಟು ಬೆಂಗಳೂರಿಂದ ಕರೆಸಿದೆ. ಮಗುವಿನ ತಳ್ಳುಗಾಡಿ ಥರದ್ದನ್ನು ಅಂಗಳದಲ್ಲಿ ಉದ್ದಕ್ಕೂ ಅಡ್ಡಕ್ಕೂ ಎಳೆದರು. ಪರದೆಯಲ್ಲಿ ಬರೀ ಬೂದಿ ಬಣ್ಣ. ನೀರು ಕುಡಿದ ಜೇಡಿಮಣ್ಣು ರೇಡಾರ್ ಅಲೆಯನ್ನು ನುಂಗಿಬಿಡುತ್ತೆ, ಮಳೆ ನಿಂತು ಮಣ್ಣು ಒಣಗಿದ ಮೇಲೆ ಕರೆಯಬೇಕಿತ್ತು ಅಂತ ಹಣ ಎಣಿಸಿಕೊಂಡ ಮೇಲೆ ಹೇಳಿದರು. ಕೊನೆಗೆ ಜೆಸಿಬಿಯವನು ಬಂದು ನನ್ನ ಇಂಟರ್‌ನೆಟ್ ಕೇಬಲನ್ನೂ ಕಿತ್ತ. ಒಂಬತ್ತು ದಿನ ಬುಕಿಂಗ್ ಇಲ್ಲ. ಜೆಸಿಬಿಯವರಿಗೆ ಕಣ್ಣೇ ಇರಲ್ಲ.

ಕುಶಾಲನಗರ ಜೆಸಿಬಿ:
ಕಣ್ಣು ಇಲ್ಲ ಅನ್ನಬೇಡಿ ಅಕ್ಕ. ಮಣ್ಣೊಳಗೆ ಏನಿದೆ ಅಂತ ಜಾಗದ ಯಜಮಾನರೇ ಹೇಳಲ್ಲ. ಒಂದು ತೋಟದಲ್ಲಿ ‘ಮಿಷನ್ ಇಟ್ಟು ನೋಡಿದ್ದೀವಿ, ಕೇಬಲ್ ಇಲ್ಲ, ಹೊಡಿ’ ಅಂದರು. ಅವರು ಸಿಗ್ನಲ್ ಬಿಡದೆ ಬರೀ ರಿಸೀವರ್ ಹಿಡಿದು, ಕೇಬಲಿನ ಕರೆಂಟನ್ನೇ ಹುಡುಕುವ ಪವರ್ ಮೋಡ್‌ನಲ್ಲಿ ನಡೆದಿದ್ದರು. ಮೋಟರ್ ಓಡುತ್ತಿರಲಿಲ್ಲ. ಕೇಬಲಲ್ಲಿ ವೋಲ್ಟೇಜ್ ಇದ್ದರೂ ಕರೆಂಟ್ ಹರಿಯದಿದ್ದರೆ ಆ ಮೋಡ್‌ಗೆ ಸಿಗಲ್ಲ, ನನಗೆ ಆಮೇಲೆ ತಿಳಿಯಿತು. ಬಕೆಟ್ ತಾಗಿದ್ದೇ ನೀಲಿ ಬೆಂಕಿ. ಎರಡು ಹಲ್ಲು ಕರಗಿ ಮೇಣದ ಹಾಗೆ ಇಳಿದಿತ್ತು. ಕೆಳಗೆ ಹಾರೆ ಹಿಡಿದು ನಿಂತಿದ್ದ ಹುಡುಗ ಎರಡಡಿ ಆಚೆ ಇದ್ದ, ಬದುಕಿದ. ರಿಪೇರಿ, ಕೆಲಸ ನಿಂತದ್ದು ಸೇರಿ 14,000, ಅದನ್ನು ನನ್ನ ಬಾಡಿಗೆಯಲ್ಲೇ ಹಿಡಿದರು.

ಮಡಿಕೇರಿ ಹೋಂಸ್ಟೇ:
ಅದು ಬೇರೆ. ನನ್ನ ಕೇಬಲ್ ಮೇಲೆ ಹಳದಿ ಟೇಪ್ ಇತ್ತು, ಕಂಡ ಮೇಲೂ ನಿಲ್ಲಿಸಲಿಲ್ಲ. 2023ರಲ್ಲಿ ಕೇಂದ್ರದವರು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದರಲ್ಲ, ಅದರಲ್ಲಿ ತಿಳಿಸಿ ಅಗೆಯಬೇಕು.

ಕುಶಾಲನಗರ ಜೆಸಿಬಿ:
ಆ ಆ್ಯಪಿಂದ ಕೇಬಲ್ ಕಂಪನಿಗೆ ಸುದ್ದಿ ಹೋಗುತ್ತೆ, ಸರಿ. ಇವರಪ್ಪ ಹೂಳಿಸಿದ ಪೈಪ್ ಅದರಲ್ಲಿ ಬರುತ್ತಾ?

ಸೋಮವಾರಪೇಟೆ:
ನಾವು 2021ರಲ್ಲಿ ಹೊಸ ಎಚ್‌ಡಿಪಿಇ (ಪ್ಲಾಸ್ಟಿಕ್) ಲೈನ್ ಹಾಕುವಾಗ ಪೈಪಿನ ಜೊತೆಗೇ ತಾಮ್ರದ ಇನ್ಸುಲೇಟೆಡ್ ವೈರ್ ಹೂತೆವು, 620 ಮೀಟರ್. ಮೀಟರಿಗೆ 11 ರೂಪಾಯಿ. ಮನೆಯವರು ದುಂದು ಅಂದರು, ಎರಡು ದಿನ ಮಾತು ಬಿಟ್ಟರು. ಪ್ರತಿ ವಾಲ್ವ್ ಗುಂಡಿಯಲ್ಲೂ ವೈರಿನ ತುದಿ ಮೇಲೆ ತಂದಿದ್ದೀನಿ. ಹೋದ ಬೇಸಿಗೆಯಲ್ಲಿ ಆ ತುದಿಗೆ ಕ್ಲಿಪ್ ಹಾಕಿ ಅರ್ಧ ಗಂಟೆಯಲ್ಲಿ ಪೂರ್ತಿ ಲೈನ್ ಗುರುತಿಸಿದೆವು. ಒಂದು ಜೋಡಣೆಗೆ ನೀರು ಹೋಗಿ ಹಸಿರು ಕಟ್ಟಿತ್ತು, ಅಲ್ಲಿ ಮಾತ್ರ ತಡವಾಯಿತು.

ಸಿದ್ದಾಪುರ ರೊಬಸ್ಟಾ:
ಹೊಸದು ಹಾಕಿದವರಿಗೆ ಹೇಳಲು ಸುಲಭ ಮೇಡಂ. 1998ರ ಪೈಪಿಗೆ ಈಗ ವೈರ್ ಕಟ್ಟುವುದು ಹೇಗೆ?

ಸುಂಟಿಕೊಪ್ಪ ವೈರಿಂಗ್:
ಪೈಪ್ ಖಾಲಿ ಮಾಡಿ ಒಳಗೆ ಸೋಂಡ್ ತಳ್ಳಬೇಕು, ಬೆರಳುದ್ದದ ಟ್ರಾನ್ಸ್‌ಮಿಟರ್. ಫೈಬರ್ ಸರಳಿನ ತುದಿಗೆ ಕಟ್ಟಿ ಬಿಟ್ಟರೆ ಅದು ಹೋದ ಕಡೆಯೆಲ್ಲ ಮೇಲಿಂದ ಹಿಡಿಯಬಹುದು. ಎಲ್ಬೋ (ಪೈಪಿನ ತಿರುವು) ಬಂದರೆ ಮುಂದೆ ಹೋಗಲ್ಲ, ಅಲ್ಲಿ ಅಗೆದು ಕತ್ತರಿಸಿ ಮತ್ತೆ ಬಿಡಬೇಕು.

ಪೊನ್ನಂಪೇಟೆ ತೋಟ:
ದಾರಿ ಹೋಗುವುದು ಕೆರೆಯ ಕಡೆಗೇ. ಕೇಬಲ್ ಸಿಕ್ಕಿ, ಜಿಐ ಎಲ್ಲಿ ಮುಗಿಯುತ್ತೆ ಅಂತ ತಿಳಿದರೂ ನನಗೆ ಸಾಕು. ಸುಂಟಿಕೊಪ್ಪದ ಅಣ್ಣ, ಭಾನುವಾರ ಬರ್ತೀರಾ?

ಸುಂಟಿಕೊಪ್ಪ ವೈರಿಂಗ್:
ಬರ್ತೀನಿ, 3,500 ಆಗುತ್ತೆ. ಎರಡು ಕೆಜಿ ಸುಣ್ಣ, ನಾಲ್ಕು ಕೊಡ ನೀರು ರೆಡಿ ಇಡಿ. ಮೋಟರಿನ ಫ್ಯೂಸ್ ಮೂರೂ ಬಿಚ್ಚಿ ನಿಮ್ಮ ಜೇಬಲ್ಲೇ ಇಟ್ಟುಕೊಳ್ಳಿ, ಯಾರ ಕೈಗೂ ಕೊಡಬೇಡಿ.