ಹತ್ತು ವರ್ಷದಿಂದ ಚರ್ಚ್ ಸಭೆಗೆ ಹೋಗ್ತಿದ್ದೀನಿ, ಸಿಡುಕು ಮಾತ್ರ ಹೋಗಿಲ್ಲ. ಬೆಳೆಯೋದು ಹೇಗೆ?

ಕೇಳಿದವರು, ವಿಜಯನಗರ

ಎಲ್ಲರಿಗೂ ವಂದನೆಗಳು. ದೃಢೀಕರಣ (ನಂಬಿಕೆಯನ್ನ ಸಭೆಯ ಮುಂದೆ ಸ್ವತಃ ಒಪ್ಪಿಕೊಳ್ಳೋ ಸಂಸ್ಕಾರ) ಆಗಿ ಹತ್ತು ವರ್ಷ. ಭಾನುವಾರದ ಆರಾಧನೆ ತಪ್ಪಿಸಲ್ಲ, ಕ್ವಾಯರ್‌ನಲ್ಲೂ ಹಾಡ್ತೀನಿ. ಆದ್ರೆ ಮನೇಲಿ ಅಮ್ಮನ ಮೇಲೆ ರೇಗೋದು, ಆಫೀಸಲ್ಲಿ ಜೂನಿಯರ್‌ಗಳ ಮೇಲೆ ಸಿಡುಕೋದು ಅಂದು ಹೇಗಿತ್ತೋ ಇಂದೂ ಹಾಗೇ ಇದೆ. ಸತ್ಯವೇದ (ಬೈಬಲ್) ಓದೋಕೆ ಶುರು ಮಾಡಿದ್ರೆ ಒಂದು ತಿಂಗಳು ಎಳೆಯುತ್ತೆ, ಆಮೇಲೆ ನಿಂತುಹೋಗುತ್ತೆ. ಆಫೀಸ್ ವೈಟ್‌ಫೀಲ್ಡ್, ಮೆಟ್ರೋದಲ್ಲಿ ಹೋಗೋಕೇ ಗಂಟೆ ಮೇಲೆ ಹಿಡಿಯುತ್ತೆ. ಮನೇಲಿ ಸಿಗೋದು ಹೆಚ್ಚಂದ್ರೆ ಅರ್ಧ ಗಂಟೆ. "ಆತ್ಮಿಕವಾಗಿ ಬೆಳೆಯಿರಿ" ಅಂತ ಪ್ರತಿ ಪ್ರಸಂಗದಲ್ಲೂ ಕೇಳ್ತೀನಿ, ಏನು ಮಾಡಿದ್ರೆ ಬೆಳೀತಾರೆ ಅಂತ ಬಿಡಿಸಿ ಹೇಳಿದವರಿಲ್ಲ. ದಯವಿಟ್ಟು ನಿಮ್ಮ ಅನುಭವದ ಸಾಕ್ಷಿ ಬೇಡ, ವಿಧಾನ ಹೇಳಿ.

ಸಂಡೇ ಸ್ಕೂಲ್ ಟೀಚರ್, ಹಲಸೂರು

ಓದು ನಿಂತುಹೋಗೋದಕ್ಕೆ ಕಾರಣ ಸೋಮಾರಿತನ ಅಲ್ಲ ಸಿಸ್ಟರ್, ಲೆಕ್ಕ. ನಮ್ಮ ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯ. ವರ್ಷದೊಳಗೆ ಮುಗಿಸಬೇಕು ಅಂದ್ರೆ ದಿನಕ್ಕೆ ಮೂರೂ ಸಾಲದು. ಜನವರಿ 1ಕ್ಕೆ ಶುರು ಮಾಡಿದವರು ದಿನಕ್ಕೆ ಮೂರರಂತೆ ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಸಿ ಸರಿಯಾಗಿ 31ನೇ ತಾರೀಕು ಯಾಜಕಕಾಂಡಕ್ಕೆ ಬಂದು ಬೀಳ್ತಾರೆ. ಯಾವ ಕೊಬ್ಬನ್ನ ಹೋಮ ಮಾಡಬೇಕು, ಯಾವ ಮಚ್ಚೆ ಕುಷ್ಠ, ಯಾವುದು ಅಲ್ಲ. ಗಾಡಿ ಅಲ್ಲಿ ಹೂತುಕೊಳ್ಳುತ್ತೆ. ಒಂದು ದಿನ ತಪ್ಪಿದ್ರೆ ಮಾರನೇ ದಿನಕ್ಕೆ ಆರು, ಎರಡು ತಪ್ಪಿದ್ರೆ ಒಂಬತ್ತು. ಬಾಕಿ ನೋಡಿದ್ರೇ ಪುಸ್ತಕ ಮುಟ್ಟೋಕೆ ಭಯ ಆಗುತ್ತೆ.

ಸತ್ಯವೇದದ ಎರಡನೇ ಭಾಗ ಹೊಸ ಒಡಂಬಡಿಕೆಯಲ್ಲಿ ಇರೋದು 260 ಅಧ್ಯಾಯ. ದಿನಕ್ಕೊಂದರಂತೆ ವಾರಕ್ಕೆ ಐದು ದಿನ ಓದಿದ್ರೆ 52 ವಾರಕ್ಕೆ ಕರೆಕ್ಟಾಗಿ ಮುಗಿಯುತ್ತೆ. ಶನಿವಾರ, ತಪ್ಪಿಹೋದದ್ದಕ್ಕೆ. ಎರಡಕ್ಕಿಂತ ಜಾಸ್ತಿ ಬಾಕಿ ಆಯ್ತಾ, ಸಾಲ ಮನ್ನಾ ಮಾಡಿ ಮುಂದೆ ಹೋಗಿ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, 16 ಅಧ್ಯಾಯ ಅಷ್ಟೇ. ಆಮೇಲೆ ಯಾಕೋಬನ ಪತ್ರಿಕೆ. ಇದನ್ನ ಬೇರೆ ಥರ ಓದಬೇಕು: ಐದು ಅಧ್ಯಾಯ, 108 ವಚನ, ಒಂದೇ ಸಲಕ್ಕೆ ಗಟ್ಟಿಯಾಗಿ ಓದಿದ್ರೂ ಅರ್ಧ ಗಂಟೆಯೊಳಗೆ ಆಗುತ್ತೆ. ಏಳು ದಿನ ಪೂರ್ತಿ ಪತ್ರಿಕೆಯನ್ನೇ ಓದಿ. ನಾಲ್ಕನೇ ದಿನದ ಹೊತ್ತಿಗೆ ನಾಲಿಗೆ, ಕೋಪ, ಬಡವನಿಗೆ ಕೊಡೋ ಕುರ್ಚಿ ಎಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಕಾಣೋಕೆ ಶುರುವಾಗುತ್ತೆ. ದಿನಕ್ಕೊಂದು ವಚನ ಕಳಿಸೋ ಆ್ಯಪ್ ನೋಟಿಫಿಕೇಶನ್‌ನಿಂದ ಇದು ಆಗಲ್ಲ.

ಭಾಷೆ ಅಡ್ಡ ಬಂದ್ರೆ ಹಳೇ ಭಾಷಾಂತರದ ಪಕ್ಕದಲ್ಲಿ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್, ಅಂದ್ರೆ ಸರಳ ಭಾಷೆಯ) ಭಾಷಾಂತರ ಇಟ್ಕೊಳ್ಳಿ. ಎರಡೂ ಬೈಬಲ್ ಸೊಸೈಟಿಯವರದ್ದೇ. "ದೀರ್ಘಶಾಂತಿ", "ಶಮೆದಮೆ" ಇಂಥ ಪದ ಬಾಯಿಪಾಠ ಮಾಡಿರ್ತೀವಿ, ಅರ್ಥ ಕೇಳಿದ್ರೆ ಮೇಲೆ ಕೆಳಗೆ ನೋಡ್ತೀವಿ.

ಓದಿದ ಮೇಲೆ ನೋಟ್‌ಬುಕ್ಕಲ್ಲಿ ಒಂದೇ ಸಾಲು: ಇವತ್ತು ರಾತ್ರಿಯೊಳಗೆ ಏನು ಮಾಡ್ತೀನಿ. "ಅಮ್ಮನ ಜೊತೆ ಪ್ರೀತಿಯಿಂದ ಇರ್ತೀನಿ" ಅಂತ ಬರೆದ್ರೆ ಏನೂ ಬರೆದ ಹಾಗಲ್ಲ. "ಊಟದ ಹೊತ್ತಲ್ಲಿ ಫೋನ್ ಒಳಗಿಟ್ಟು ಅಮ್ಮ ಹೇಳೋದನ್ನ ಹತ್ತು ನಿಮಿಷ ಮಧ್ಯೆ ಬಾಯಿ ಹಾಕದೆ ಕೇಳ್ತೀನಿ" ಅನ್ನಿ. ಆಯ್ತೋ ಇಲ್ವೋ ಅಂತ ಮಲಗೋ ಮುಂಚೆ ಗೊತ್ತಾಗಬೇಕು, ಅಂಥದ್ದು ಬರೀಬೇಕು.

ಕಥೋಲಿಕರು, ಶಿವಾಜಿನಗರ

ಸಿಡುಕಿಗೆ ಅಂತಲೇ ಮಾಡಿಟ್ಟ ಹಾಗಿರೋ ಒಂದು ಹಳೇ ಪದ್ಧತಿ ಇದೆ. ಲೊಯೊಲಾದ ಸಂತ ಇಗ್ನೇಷಿಯಸ್ ಅವರ ಧ್ಯಾನಸಾಧನೆಗೆ ಪೋಪರ ಒಪ್ಪಿಗೆ ಸಿಕ್ಕಿದ್ದು 1548ರಲ್ಲಿ. ಅದರಲ್ಲಿ ಎರಡು ಬಗೆಯ ಆತ್ಮಶೋಧನೆ ಇದೆ, ಜನ ಸಾಮಾನ್ಯವಾಗಿ ಒಂದನ್ನೇ ಹೇಳ್ತಾರೆ.

ಮೊದಲನೇದು ದಿನದ ಶೋಧನೆ, ಐದು ಹೆಜ್ಜೆ: ದೇವರಿಗೆ ಕೃತಜ್ಞತೆ, ನನ್ನ ತಪ್ಪು ಕಾಣೋ ಬೆಳಕು ಕೊಡು ಅನ್ನೋ ಬೇಡಿಕೆ, ಬೆಳಗ್ಗೆಯಿಂದ ಗಂಟೆಗಂಟೆಯಾಗಿ ದಿನವನ್ನ ತಿರುವಿ ನೋಡೋದು, ಕ್ಷಮೆ, ನಾಳೆಯ ತೀರ್ಮಾನ. ಹತ್ತು ಹದಿನೈದು ನಿಮಿಷ ಸಾಕು. ಕೃತಜ್ಞತೆ ಮೊದಲಿಗೇ ಇರೋದು ಸುಮ್ಮನೆ ಅಲ್ಲ. ಅದನ್ನ ಹಾರಿಸಿ ನೇರ ಮೂರನೇ ಹೆಜ್ಜೆಗೆ ಹೋದವರು ದಿನಾ ರಾತ್ರಿ ತಮ್ಮನ್ನ ಕಟಕಟೆಗೆ ಹತ್ತಿಸಿ ತಾವೇ ಪ್ರಾಸಿಕ್ಯೂಟರ್ ಆಗ್ತಾರೆ, ಹತ್ತು ದಿನಕ್ಕೆ ಸುಸ್ತಾಗಿ ಬಿಡ್ತಾರೆ.

ಎರಡನೇದು ನಿಮಗೆ ಬೇಕಾದದ್ದು. ಒಂದೇ ಒಂದು ದೋಷ ಹಿಡ್ಕೊಳ್ಳಬೇಕು. ಬೆಳಗ್ಗೆ ಎದ್ದ ಕೂಡಲೇ "ಇವತ್ತು ಇದರ ಮೇಲೆ ಕಣ್ಣು" ಅಂತ ನಿಶ್ಚಯ. ಪುಸ್ತಕದಲ್ಲಿ ದಿನಕ್ಕೆ ಎರಡು ಗೆರೆ. ಮಧ್ಯಾಹ್ನ ಊಟ ಆದ ಮೇಲೆ ಅಲ್ಲಿವರೆಗೆ ಎಷ್ಟು ಸಲ ಜಾರಿದಿರೋ ಅಷ್ಟು ಚುಕ್ಕಿ ಮೊದಲ ಗೆರೆ ಮೇಲೆ, ರಾತ್ರಿ ಊಟದ ಮೇಲೆ ಉಳಿದದ್ದು ಎರಡನೇ ಗೆರೆ ಮೇಲೆ. ಮೊದಲ ಗೆರೆಗೂ ಎರಡನೇ ಗೆರೆಗೂ, ನಿನ್ನೆಗೂ ಇವತ್ತಿಗೂ, ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಬೇಕು. ಜಾರಿದ ಕ್ಷಣದಲ್ಲೇ ಎದೆ ಮೇಲೆ ಕೈ ಇಡಬೇಕು ಅಂತಾನೂ ಇದೆ. ಜನರ ಮಧ್ಯೆ ಇದ್ರೂ ಯಾರಿಗೂ ತಿಳಿಯದ ಹಾಗೆ ಮಾಡಬಹುದು, ಮೀಟಿಂಗಲ್ಲೂ ಆಗುತ್ತೆ.

ಚುಕ್ಕಿ ಎರಡನೇ ವಾರ ಜಾಸ್ತಿ ಆಗಬಹುದು. ಹೆದರಬೇಡಿ, ಮುಂಚೆ ಲೆಕ್ಕಕ್ಕೆ ಬರದೇ ಇದ್ದದ್ದು ಈಗ ಕಾಣ್ತಿರುತ್ತೆ ಅಷ್ಟೇ. ಚುಕ್ಕಿ ಎಲ್ಲಿ ಗುಂಪಾಗಿದೆ ನೋಡಿ. ರಾತ್ರಿ ಗೆರೆಯಲ್ಲೇ ಜಾಸ್ತಿ ಇದ್ರೆ ಪ್ರಾರ್ಥನೆ ಜೊತೆಗೆ ಮನೆಗೆ ಬಂದ ತಕ್ಷಣ ಒಂದು ಲೋಟ ನೀರು, ಎರಡು ಬಿಸ್ಕತ್ತು, ಐದು ನಿಮಿಷ ಮೌನವನ್ನೂ ಸೇರಿಸಿ.

ಜಾಗ ಬೇಕಾ? ನಿಮ್ಮ ಮೆಟ್ರೋ ಪರ್ಪಲ್ ಲೈನಲ್ಲೇ ಇದೆ. ಕಬ್ಬನ್ ಪಾರ್ಕಿಂದ ಸಿಟಿ ರೈಲ್ವೆ ಸ್ಟೇಷನ್‌ವರೆಗೆ ಐದು ನಿಲ್ದಾಣ ನೆಲದಡಿ. ಕಿಟಕಿಯಾಚೆ ನೋಡೋಕೆ ಏನೂ ಇಲ್ಲ. ಸಂಜೆ ವಾಪಸ್ ಬರುವಾಗ ಟ್ರೈನ್ ಸುರಂಗಕ್ಕೆ ಇಳಿದ ಕೂಡಲೇ ಶುರು ಮಾಡಿ, ನಿಲ್ದಾಣಕ್ಕೊಂದು ಹೆಜ್ಜೆ.

ನಿವೃತ್ತ ಸಭಾಪಾಲಕ, ಮಾಗಡಿ ರಸ್ತೆ

ಮೇಲಿನ ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ. ಆದರೆ ಲೆಕ್ಕ ಬರೆದರೆ ಮುಗಿಯಲಿಲ್ಲ, ರೇಗಿಸಿಕೊಂಡವರು ಮನೆಯಲ್ಲೇ ಇದ್ದಾರಲ್ಲ. ಮತ್ತಾಯ 5:23-24ರಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದಿದೆ. ಗಮನಿಸಿ, ಅಲ್ಲಿ ಸಿಟ್ಟಾಗಿರುವವನು ಕಾಣಿಕೆ ತಂದವನಲ್ಲ, ಅವನ ಮೇಲೆ ಇನ್ನೊಬ್ಬರಿಗೆ ದೂರಿದೆ. ನನ್ನ ಅಳತೆಯಲ್ಲಿ ಪ್ರೌಢತೆ ಎಂದರೆ ತಪ್ಪು ಮಾಡಿದ್ದಕ್ಕೂ ಹೋಗಿ ಒಪ್ಪಿಕೊಂಡದ್ದಕ್ಕೂ ನಡುವಿನ ಅಂತರ ಕಡಿಮೆಯಾಗುತ್ತಾ ಬರುವುದು. ಮೊದಲು ಒಂದು ತಿಂಗಳು, ಆಮೇಲೆ ವಾರ, ಆಮೇಲೆ ಅದೇ ಸಂಜೆ. ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಎಂಬ ಎಫೆಸದವರಿಗೆ 4:26ರ ಗಡುವು ಇದೇ.

ಕ್ಷಮೆ ಕೇಳುವುದರಲ್ಲಿ ಬಹಳ ಜನ ಎಡವುತ್ತಾರೆ. "ಬೇಜಾರಾಗಿದ್ರೆ ಸಾರಿ ಅಮ್ಮ" ಎನ್ನುವುದು ಕ್ಷಮಾಪಣೆಯಲ್ಲ. ಬೇಜಾರಾದದ್ದು ಅವರ ತಪ್ಪು ಎಂಬ ಅರ್ಥ ಬರುತ್ತದೆ. "ಸಾರಿ, ಆದ್ರೆ ನೀನೂ ಪದೇಪದೇ ಅದನ್ನೇ ಕೇಳ್ತಿದ್ದೆ" ಎಂಬುದರಲ್ಲಿ "ಆದ್ರೆ" ಬಂದ ಕೂಡಲೇ ಹಿಂದಿನದೆಲ್ಲ ಅಳಿಸಿಹೋಯಿತು. ಹೀಗೆ ಹೇಳಿ ನೋಡಿ: "ಅಮ್ಮ, ಬೆಳಗ್ಗೆ ಗ್ಯಾಸ್ ಬುಕ್ ಮಾಡಿದ್ಯಾ ಅಂತ ನೀನು ಕೇಳಿದಾಗ ಕಿರುಚಿದೆ. ಪಕ್ಕದ ಮನೆಯವರಿಗೂ ಕೇಳಿಸ್ತು. ತಪ್ಪು ನಂದು. ಕ್ಷಮಿಸು." ಯಾವಾಗ, ಏನು ಮಾಡಿದೆ, ಅದರಿಂದ ಏನಾಯಿತು, ತಪ್ಪು ಯಾರದು. ಅಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಅಮ್ಮಂದಿರು "ಹೋಗ್ಲಿ ಬಿಡು, ಊಟ ಮಾಡು" ಎಂದುಬಿಡುತ್ತಾರೆ. ಅದು ಅವರ ದೊಡ್ಡತನ, ನಿಮಗೆ ರಿಯಾಯಿತಿಯಲ್ಲ. ಅವರು ಹಾಗೆಂದರೂ ಮಾತನ್ನು ಪೂರ್ತಿ ಹೇಳಿ.

ಜೂನಿಯರ್‌ಗಳನ್ನು ನಾಲ್ಕು ಜನರ ಮುಂದೆ ಬೈದಿದ್ದರೆ ಕ್ಷಮೆಯನ್ನೂ ಆ ನಾಲ್ಕು ಜನರ ಮುಂದೆಯೇ ಕೇಳಬೇಕು. ಮರೆಯಲ್ಲಿ ಕರೆದು ಹೇಳಿದರೆ ಅರ್ಧ ಬಾಕಿ ಉಳಿಯಿತು.

ತಪ್ಪು ಎದುರಿನವರದ್ದಾಗಿದ್ದರೆ ಮತ್ತಾಯ 18:15-17ರ ಕ್ರಮ: ಮೊದಲು ಒಬ್ಬರೇ ಹೋಗಿ ಮಾತಾಡುವುದು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗುವುದು, ಕೊನೆಗೆ ಸಭೆ. ಈಗ ನಡೆಯುತ್ತಿರುವುದು ತಲೆಕೆಳಗು. ಮೊದಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಇಂಥವರಿಗಾಗಿ ಪ್ರಾರ್ಥಿಸಿ" ಎಂದು ಹಾಕುತ್ತಾರೆ. ಅದು ಪ್ರಾರ್ಥನೆಯ ವೇಷದ ಚಾಡಿ.

ಹತ್ತು ವರ್ಷವಾಯಿತಲ್ಲ ಎಂದು ಕುಗ್ಗಬೇಡಮ್ಮ. ಲೂಕ 13ರಲ್ಲಿ ಹಣ್ಣು ಬಿಡದ ಅಂಜೂರದ ಗಿಡವನ್ನು ಕಡಿದುಹಾಕು ಎಂದು ಯಜಮಾನ ಹೇಳಿದಾಗ ತೋಟಗಾರ ಇನ್ನೊಂದು ವರ್ಷ ಕೇಳಿಕೊಂಡ. ಸುಮ್ಮನೆ ಕೇಳಲಿಲ್ಲ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದ.

ಉಪವಾಸ ಕೂಟ ನಡೆಸುವವರು, ಕೆ.ಆರ್. ಪುರ

ಪ್ರೇಸ್ ದ ಲಾರ್ಡ್. ನೋಟ್‌ಬುಕ್ಕು, ಚುಕ್ಕಿ ಎಲ್ಲ ಸರಿ, ಆದ್ರೆ ಒಬ್ಬರೇ ಕೂತು ಮಾಡೋದಕ್ಕೆ ಒಂದು ಮಿತಿ ಇದೆ ಸಿಸ್ಟರ್. ತಿಂಗಳಿಗೊಂದು ದಿನ ಉಪವಾಸ ಮಾಡಿ ನೋಡಿ, ಒಳಗಿರೋ ಸಿಡುಕು ತಾನಾಗೇ ಮೇಲೆ ಬರುತ್ತೆ. ಬರಲಿ ಅಂತಲೇ ಮಾಡೋದು.

ಮೊದಲ ಸಲಕ್ಕೆ ಒಂದೇ ಹೊತ್ತು, ಮಧ್ಯಾಹ್ನದ ಊಟ ಬಿಡಿ. ನೀರು ಬಿಡಬೇಡಿ. ಕಾಫಿ ಅಭ್ಯಾಸ ಇದ್ದವರಿಗೆ ಅದು ನಿಂತ 12ರಿಂದ 24 ಗಂಟೆಯೊಳಗೆ ತಲೆನೋವು ಬರುತ್ತೆ. ಅದನ್ನ ಸೈತಾನನ ಕಾಟ ಅಂದ್ಕೊಳ್ಳೋರಿದ್ದಾರೆ, ಕೆಫೀನ್ ಅಷ್ಟೇ. ಪೂರ್ತಿ ದಿನ ಮಾಡೋದಾದ್ರೆ ನಾಲ್ಕು ದಿನ ಮುಂಚಿನಿಂದ ಲೋಟ ಕಡಿಮೆ ಮಾಡ್ತಾ ಬನ್ನಿ. ಬಿಡುವಾಗ ಗಂಜಿ ಅಥವಾ ಮೊಸರನ್ನ, ಬಿರಿಯಾನಿ ಅಲ್ಲ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು, ಬಸುರಿ ಬಾಣಂತಿಯರು ಡಾಕ್ಟರನ್ನ ಕೇಳದೆ ಮಾಡಲೇಬಾರದು. ಅವರು ಟಿವಿ, ಫೋನ್ ಬಿಡಲಿ. ಊಟ ಬಿಟ್ಟ ಹೊತ್ತಲ್ಲಿ ಕೆಲಸ ಮಾಡ್ತಾ ಕೂತ್ರೆ ಅದು ಡಯಟ್ ಆಯ್ತು. ಆ ಹೊತ್ತು ಪ್ರಾರ್ಥನೆಗೆ, ಉಳಿದ ದುಡ್ಡು ಹಸಿದವರಿಗೆ. ದೇವರಿಗೆ ಬೇಕಾದ ಉಪವಾಸ ಎಂಥದ್ದು ಅಂತ ಯೆಶಾಯ 58ರಲ್ಲಿದೆ, ಓದಿ. ಉಪವಾಸ ಜನರಿಗೆ ಕಾಣಬಾರದು ಅಂತ ಕರ್ತನು ಯೇಸು ತಲೆಗೆ ಎಣ್ಣೆ ಹಚ್ಚಿ ಮುಖ ತೊಳ್ಕೋ ಅಂದದ್ದೂ ನೆನಪಿರಲಿ, ಸ್ಟೇಟಸ್ ಹಾಕೋದಲ್ಲ.

ಸಭೆಯ ಖಜಾಂಚಿ, ರಾಜಾಜಿನಗರ

ಒಂದೇ ಮಾತು. ಕೊಡೋದೂ ಬೆಳೆಯೋದರ ಭಾಗ, ಆದರೆ ಕ್ರೆಡಿಟ್ ಕಾರ್ಡ್ ಬಾಕಿ ಇಟ್ಟು ಕಾಣಿಕೆ ಕೊಡಬೇಡಿ. "ಇಷ್ಟು ಕೊಟ್ಟರೆ ಇಷ್ಟು ವಾಪಸ್" ಅಂತ ಹೇಳುವ ಕಡೆ, ಲೆಕ್ಕ ಕೇಳಿದರೆ "ನಂಬಿಕೆ ಇಲ್ವಾ" ಅನ್ನುವ ಕಡೆ ಜೇಬು ಮುಚ್ಚಿಕೊಳ್ಳಿ. ಆಡಿಟ್ ಆದ ಲೆಕ್ಕವನ್ನು ಸದಸ್ಯರು ಕೇಳಿ ನೋಡುವುದರಲ್ಲಿ ಅವಿಶ್ವಾಸ ಏನೂ ಇಲ್ಲ.

ಆಪ್ತಸಮಾಲೋಚಕಿ, ಜಯನಗರ

ಇಲ್ಲಿ ಯಾರೂ ಹೇಳದ ವಿಷಯ. ಎರಡು ವಾರ ಮೀರಿ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಸಿಡುಕೂ ಜೊತೆಗಿದ್ದರೆ ಅದು ಖಿನ್ನತೆ ಇರಬಹುದು, ಥೈರಾಯ್ಡ್ ಕೂಡ ಇರಬಹುದು. "ಪ್ರಾರ್ಥನೆ ಸಾಲದು" ಅಂತ ಇನ್ನಷ್ಟು ಉಪವಾಸ ಹಾಕಿದರೆ ಹಾಳಾಗುತ್ತೆ. 1 ಅರಸುಗಳು 19ರಲ್ಲಿ ಸಾಯಬೇಕು ಅಂತ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ಎಲೀಯ ತಿಂದು ಮತ್ತೆ ಮಲಗಿದ. ದೇವರ ಜೊತೆ ಮಾತುಕತೆ ಆದದ್ದು ಎಷ್ಟೋ ದಿನದ ಮೇಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಾರ್ಥನೆಗೆ ಮಾತೇ ಬರದಿದ್ದರೆ 88ನೇ ಕೀರ್ತನೆ ಓದಿ. ಅದು ಕೊನೆಯವರೆಗೂ ಕತ್ತಲಲ್ಲೇ ಇದೆ, ಹಾಗಿದ್ದೂ ಪ್ರಾರ್ಥನೆಯೇ.

ಇನ್ನೊಂದು: ಕ್ಷಮಿಸುವುದು ಅಂದರೆ ಹೊಡೆಯುವವರ ಮನೆಗೆ ವಾಪಸ್ ಹೋಗುವುದಲ್ಲ. ಈ ಮಾತುಕತೆ ಓದುವ ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಗೊತ್ತಿರಲಿ.

ಕೇಳಿದವರು, ವಿಜಯನಗರ

ತುಂಬಾ ಥ್ಯಾಂಕ್ಸ್. ನಿದ್ದೆ, ಊಟ ಚೆನ್ನಾಗೇ ಇದೆ, ನಂದು ಬರೀ ಸಿಡುಕು! ಎಲ್ಲ ಒಟ್ಟಿಗೆ ಶುರು ಮಾಡಲಾ? ಮತ್ತೆ, ಬೆಳೀತಿದ್ದೀನೋ ಇಲ್ವೋ ಅಂತ ಯಾರನ್ನ ಕೇಳಲಿ?

ಸಂಡೇ ಸ್ಕೂಲ್ ಟೀಚರ್, ಹಲಸೂರು

ಎಲ್ಲ ಒಟ್ಟಿಗೆ ಬೇಡವೇ ಬೇಡ. ಮೊದಲ ತಿಂಗಳು ಮಾರ್ಕ ಮತ್ತು ಚುಕ್ಕಿ, ಅಷ್ಟೇ. ಜೊತೆಗೆ ಒಬ್ಬ ಗೆಳತಿ ಇರಲಿ, ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ. ನಿಂತು ಕಾಫಿ ಕುಡಿಯೋ ದರ್ಶಿನಿಯಲ್ಲಿ ಆ ಮಾತು ಆಗಲ್ಲ, ಪಾರ್ಕ್ ಬೆಂಚ್ ವಾಸಿ. ಅವರು ನಿಮ್ಮ ಪುಸ್ತಕ ನೋಡಬೇಕು, ನೀವು ಅವರದ್ದು. ಒಬ್ಬರೇ ತೋರಿಸಿ ಇನ್ನೊಬ್ಬರು ಬುದ್ಧಿ ಹೇಳೋದಾದ್ರೆ ಮೂರನೇ ಸಲಕ್ಕೆ ನಿಂತುಹೋಗುತ್ತೆ.

ಕೇಳೋದು ಅಮ್ಮನನ್ನೇ. ಆದ್ರೆ "ನಾನು ಬದಲಾಗಿದ್ದೀನಾ" ಅಂತ ಕೇಳಬೇಡಿ, ಪ್ರೀತಿಗೆ ಹೂಂ ಅಂದುಬಿಡ್ತಾರೆ. ಮೂರು ತಿಂಗಳಾದ ಮೇಲೆ ಒಂದು ಶನಿವಾರ "ಈ ವಾರ ನಾನು ನಿನ್ನ ಮೇಲೆ ಎಷ್ಟು ಸಲ ರೇಗಿದೆ" ಅಂತ ಕೇಳಿ. ಅವರು ಹೇಳಿದ ಸಂಖ್ಯೆಯನ್ನ ಪುಸ್ತಕದ ಚುಕ್ಕಿಗಳ ಪಕ್ಕದಲ್ಲಿ ಬರ್ಕೊಳ್ಳಿ. ಅಮ್ಮನ ಲೆಕ್ಕ ಜಾಸ್ತಿ ಬಂದ್ರೆ ವಾದ ಮಾಡಬೇಡಿ, ಯಾವುದು ಯಾವುದು ಅಂತ ಕೇಳಿ ತಿಳ್ಕೊಳ್ಳಿ. ಪುಸ್ತಕದಲ್ಲಿ ಇಲ್ಲದೆ ಅಮ್ಮನ ಲೆಕ್ಕದಲ್ಲಿ ಮಾತ್ರ ಇರೋದೇ ಮುಂದಿನ ತಿಂಗಳ ಕೆಲಸ.