ಪ್ರಿನ್ಸ್‌ನ ಬೆಸ್ಟ್ ಟೈಮ್ ಯಾವುದು, 1984ಆ ಅಥವಾ 1987ಆ?

ಬಿ-ಸೈಡ್:
ಅಮೆರಿಕದ ಪಾಪ್ ಗಾಯಕ ಪ್ರಿನ್ಸ್‌ನ ಆಲ್ಬಮ್‌ಗಳನ್ನು ಮೊದಲಿನಿಂದ ಸಾಲಾಗಿ ಕೇಳುತ್ತಿದ್ದೇನೆ. ಯಾರನ್ನು ಕೇಳಿದರೂ 'ಪರ್ಪಲ್ ರೇನ್' ಅಂತಾರೆ. ಲೆಕ್ಕ ಹಾಕಿದರೆ ಸರಿನೇ. 1984ರಲ್ಲಿ ಆ ಆಲ್ಬಮ್ ಅಮೆರಿಕದಲ್ಲಿ 24 ವಾರ ನಂಬರ್ ಒನ್, 'ವೆನ್ ಡವ್ಸ್ ಕ್ರೈ' ಹಾಡು 5 ವಾರ ನಂಬರ್ ಒನ್, ಅದೇ ಹೆಸರಿನ ಸಿನಿಮಾನೂ ಚೆನ್ನಾಗಿ ಓಡಿತು, ಮೇಲೆ ಸಂಗೀತಕ್ಕೆ ಆಸ್ಕರ್ ಬೇರೆ. ಆದ್ರೆ ನನ್ನನ್ನು ಹಿಡಿದು ಕೂರಿಸಿದ್ದು 1987ರ 'ಸೈನ್ ಓ ದ ಟೈಮ್ಸ್'. ಅದು ಅಮೆರಿಕದಲ್ಲಿ 6ನೇ ಸ್ಥಾನದಿಂದ ಮೇಲೆ ಹೋಗಲೇ ಇಲ್ಲ. ಜಾಸ್ತಿ ಮಾರಾಟವಾದ ಕಾಲವೇ ಒಳ್ಳೆ ಹಾಡು ಬಂದ ಕಾಲವೂ ಆಗಿರಬೇಕಾ?

ಡ್ರಮ್‌ಮಷೀನ್:
ಆಗಿರಬೇಕು ಅಂತಿಲ್ಲ, ಆದರೆ 1984ರಲ್ಲಿ ಎರಡೂ ಒಟ್ಟಿಗೆ ಬಂದಿದ್ದವು ಅನ್ನೋದನ್ನು ಮರೀಬೇಡಿ. 'ವೆನ್ ಡವ್ಸ್ ಕ್ರೈ' ಇನ್ನೊಂದ್ಸಲ ಕೇಳಿ, ಅದರಲ್ಲಿ ಬೇಸ್ ಗಿಟಾರೇ (ತಾಳಕ್ಕೆ ಒತ್ತು ಕೊಡೋ ತಗ್ಗು ದನಿಯ ಗಿಟಾರ್) ಇಲ್ಲ. ಮೊದಲು ನುಡಿಸಿ, ಆಮೇಲೆ ಬೇಡ ಅಂತ ತೆಗೆದುಹಾಕಿದ. ಕುಣಿಯೋ ಹಾಡಿಗೆ ಬೇಸ್ ಇಲ್ಲ ಅಂದ್ರೆ ಯಾವ ಕಂಪನಿಯವರಿಗಾದರೂ ಎದೆ ಧಸಕ್ ಅನ್ನುತ್ತೆ! 'ಪರ್ಪಲ್ ರೇನ್' ಹಾಡಿನ ಮೂಲ ರೆಕಾರ್ಡಿಂಗ್ ಅಂತೂ ಸ್ಟುಡಿಯೋದ್ದೇ ಅಲ್ಲ, 1983ರ ಆಗಸ್ಟ್‌ನಲ್ಲಿ ಮಿನಿಯಾಪೊಲಿಸ್‌ನ ಫಸ್ಟ್ ಅವೆನ್ಯೂ ಕ್ಲಬ್ಬಿನಲ್ಲಿ ಜನರ ಮುಂದೆ ಹಾಡಿದ್ದು. ಗಿಟಾರ್ ನುಡಿಸಿದ ವೆಂಡಿ ಮೆಲ್ವೊಯಿನ್‌ಗೆ ಆಗ 19 ವರ್ಷ, ಬ್ಯಾಂಡ್ ಜೊತೆ ಅದೇ ಮೊದಲ ಶೋ. ಆಮೇಲೆ ಅದರ ಮೇಲೆ ತಂತಿವಾದ್ಯ ಸೇರಿಸಿದರು, ಒಂದು ಚರಣ ಕತ್ತರಿಸಿದರು, ಅಷ್ಟೆ. ಜನ ಮುಗಿಬಿದ್ದು ಕೊಂಡರು ಅಂತ ಅದನ್ನು ಸುಲಭದ ಸಂಗೀತ ಅನ್ಕೊಂಡ್ರೆ ತಪ್ಪು.

ಕೊನೆಯ ಟ್ರ್ಯಾಕ್:
ನನ್ನ ಓಟು 1987ಕ್ಕೆ. ಅಷ್ಟು ದೊಡ್ಡ ಗೆಲುವಿನ ಮೇಲೆ ಬೇರೆಯವರಾಗಿದ್ದರೆ ಅದನ್ನೇ ಇನ್ನೊಂದ್ಸಲ ಮಾಡಿ ದುಡ್ಡು ಬಾಚಿಕೊಳ್ಳುತ್ತಿದ್ದರು. ಇವನು 1985ರ ಏಪ್ರಿಲ್‌ನಲ್ಲಿ, ಟೂರ್ ಮುಗಿದ ತಿಂಗಳಲ್ಲೇ, ಹಿಂದಿನದಕ್ಕೆ ಸಂಬಂಧವೇ ಇಲ್ಲದ 'ಅರೌಂಡ್ ದ ವರ್ಲ್ಡ್ ಇನ್ ಎ ಡೇ' ಬಿಟ್ಟ. 1986ರಲ್ಲಿ 'ಕಿಸ್' ಹಿಟ್ ಆಯ್ತು, ಅವನ ಆ ವರ್ಷದ ಸಿನಿಮಾ ಮಲಗಿತು, ಅಕ್ಟೋಬರ್‌ನಲ್ಲಿ ತನ್ನ ದಿ ರೆವಲ್ಯೂಷನ್ ಬ್ಯಾಂಡನ್ನೇ ಮುಚ್ಚಿದ. ಆ ಹೊತ್ತಿಗೆ ಕೈಯಲ್ಲಿ ಎಷ್ಟು ಹಾಡಿದ್ದವು ಅಂದ್ರೆ 'ಕ್ರಿಸ್ಟಲ್ ಬಾಲ್' ಅಂತ ಮೂರು ಎಲ್‌ಪಿ ರೆಕಾರ್ಡಿನ ಆಲ್ಬಮ್ ತಯಾರಾಗಿತ್ತು, ಅವನ ರೆಕಾರ್ಡ್ ಕಂಪನಿ ವಾರ್ನರ್‌ನವರು ಇಷ್ಟು ಬೇಡ, ಕಮ್ಮಿ ಮಾಡು ಅಂದರು, ಹಾಗೆ ಕತ್ತರಿಸಿ ಕೊನೆಗೆ ಹೊರಬಂದ 16 ಹಾಡಿನ ಆಲ್ಬಮ್ಮೇ 'ಸೈನ್ ಓ ದ ಟೈಮ್ಸ್'. 'ಇಫ್ ಐ ವಾಸ್ ಯುವರ್ ಗರ್ಲ್‌ಫ್ರೆಂಡ್'ನಲ್ಲಿ ದನಿಯ ವೇಗ ಏರಿಸಿ, ಗಂಡೂ ಅಲ್ಲದ ಹೆಣ್ಣೂ ಅಲ್ಲದ ಹಾಗೆ ಹಾಡುತ್ತಾನಲ್ಲ, ಅಷ್ಟು ಧೈರ್ಯ 1984ರಲ್ಲೂ ಇರಲಿಲ್ಲ ಅಂತ ನನ್ನ ಲೆಕ್ಕ.

ಸುಮ್ನೆ ಕೇಳುಗ:
ಒಂದೇ ವರ್ಷ ಆರಿಸಬೇಕು ಅನ್ನೋ ಹಟ ಯಾಕೆ? ಎರಡೂ ಒಂದೇ ಓಟದಲ್ಲಿ ಬಂದದ್ದು. ಆ ಕಾಲದಲ್ಲಿ ಬೇರೆಯವರಿಗೆ ಕೊಟ್ಟ ಹಾಡುಗಳನ್ನೂ ಲೆಕ್ಕಕ್ಕೆ ತಗೊಳ್ಳಿ. 1986ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ 'ಕಿಸ್' ನಂಬರ್ ಒನ್, ಬ್ಯಾಂಗಲ್ಸ್ ಬ್ಯಾಂಡ್ ಹಾಡಿದ 'ಮ್ಯಾನಿಕ್ ಮಂಡೇ' ನಂಬರ್ ಟು. ಎರಡನೆಯದನ್ನೂ ಬರೆದವನು ಇವನೇ, ಹೆಸರು ಮಾತ್ರ 'ಕ್ರಿಸ್ಟಫರ್' ಅಂತ ಹಾಕಿದ್ದ. ತನ್ನ ಹಾಡಿಗೆ ತಾನೇ ಅಡ್ಡ ನಿಂತ ಗಿರಾಕಿ!

ಡ್ರಮ್‌ಮಷೀನ್:
ಹಹ್ಹಾ, ಅದು ನಿಜ. ಮಾರಾಟ ಮತ್ತು ಸಂಗೀತ ಬೇರೆ ಬೇರೆ ಅನ್ನೋದಕ್ಕೆ ಸಾಕ್ಷಿ ಬೇಕಿದ್ರೆ 1987 ಬಿಡಿ, 1989ರ 'ಬ್ಯಾಟ್‌ಮನ್' ಆಲ್ಬಮ್ ನೋಡಿ. 6 ವಾರ ನಂಬರ್ ಒನ್ ಇತ್ತು, ಆದ್ರೆ ಅವನ ಬೆಸ್ಟ್ ಯಾವುದು ಅಂದಾಗ ಯಾರ ಬಾಯಲ್ಲೂ ಅದು ಬರಲ್ಲ.

ಬಿ-ಸೈಡ್:
ಸರಿ, ಆದ್ರೆ 'ಸೈನ್ ಓ ದ ಟೈಮ್ಸ್'ನಂಥ ಒಳ್ಳೆ ಆಲ್ಬಮ್ ಅಮೆರಿಕದಲ್ಲಿ ಯಾಕೆ ಇನ್ನೂ ಮೇಲೆ ಹೋಗಲಿಲ್ಲ?

ಕೊನೆಯ ಟ್ರ್ಯಾಕ್:
ಮುಖ್ಯವಾಗಿ ಡಬಲ್ ಆಲ್ಬಮ್, ಅಂದ್ರೆ ಎರಡು ರೆಕಾರ್ಡಿನದು, ಬೆಲೆ ಜಾಸ್ತಿ. ಜೊತೆಗೆ ಅವನು ಆ ಟೂರ್ ಮಾಡಿದ್ದು ಯೂರೋಪಿನಲ್ಲಿ ಮಾತ್ರ. ಅಮೆರಿಕದವರಿಗೆ ಸಿಕ್ಕಿದ್ದು ನವೆಂಬರ್‌ನಲ್ಲಿ ಬಂದ ಕನ್ಸರ್ಟ್ ಸಿನಿಮಾ, ಅದರಲ್ಲೂ ಬಹುಪಾಲು ಅವನ ಪೇಸ್ಲಿ ಪಾರ್ಕ್ ಸ್ಟುಡಿಯೋದಲ್ಲಿ ಮತ್ತೆ ಶೂಟ್ ಮಾಡಿದ್ದು. ಆಲ್ಬಮ್ ಕೇಳಿ ಮುಗಿದಿದ್ದರೆ ಮುಂದೆ ಅದನ್ನೇ ನೋಡಿ, ಅವನ ಬ್ಯಾಂಡಿನ ಶೀಲಾ ಇ. ಡ್ರಮ್ಸ್ ಬಾರಿಸೋದನ್ನು ನೋಡೋಕಾದ್ರೂ.